ಸಹಾಯ ಬೇಕು: ಉಪ್ಪಾಗೆ, ಹೆಬ್ಬಲಸು ಬೀಜ ಮತ್ತು ಅರಣ್ಯ ಹಕ್ಕಿನ ಅರ್ಜಿ (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ನಮ್ಮ ಹಾಲಕ್ಕಿ ಒಕ್ಕಲಿಗರ ಕೊಪ್ಪದ (ಕೇರಿಯ) ಮೇಲಿನ ಗುಡ್ಡದಲ್ಲಿ ಈಗ ಬರೀ ಅಕೇಶಿಯಾ. ಅದರ ದರಕು (ಉದುರಿದ ಒಣ ಎಲೆ) ಬೇಗ ಕೊಳೆಯುವುದೂ ಇಲ್ಲ, ಗೊಬ್ಬರಕ್ಕೆ ಸುಮ್ನೆ ದಂಡ. ನಡುನಡುವೆ ಕಾಡುಗಿಡ ನೆಡಲು ಊರವರೆಲ್ಲ ಸೇರಿ ಹೊರಟಿದ್ದೇವೆ. ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡರ ತಾಲೂಕಿನವರು ನಾವು, ಇಷ್ಟಾದರೂ ಮಾಡಬೇಕಲ್ವಾ!

ಉಪ್ಪಾಗೆ, ಮುರುಗಲು, ಹೆಬ್ಬಲಸಿನ ತಾಜಾ ಬೀಜ ಬೇಕು. ಒಣಗಿಸಿಟ್ಟದ್ದು ಬೇಡ, ಹೆಬ್ಬಲಸಂತೂ ಒಣಗಿದರೆ ಹುಟ್ಟುವುದೇ ಇಲ್ಲ. ಉಪ್ಪಾಗೆ ಮೊಳೆಯಲು ತಿಂಗಳುಗಟ್ಟಲೆ ಬೇಕು. ಬೀಜದ ಸಿಪ್ಪೆ ಬಿಡಿಸಿ ಹಾಕಿದರೆ ಬೇಗ ಬರುತ್ತದಂತೆ, ಮಾಡಿ ನೋಡಿದವರು ದಯವಿಟ್ಟು ಹೇಗೆಂದು ತಿಳಿಸಿ. ಶಿರಸಿ, ಸಿದ್ದಾಪುರ ಕಡೆ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿಸುವವರ ಮನೆಯಲ್ಲಿ ಬೀಜ ಉಳಿದಿದ್ದರೆ ನಾವೇ ಬಂದು ಒಯ್ಯುತ್ತೇವೆ.

ಇನ್ನೊಂದು ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಈ ಗುಡ್ಡಕ್ಕೆ ಸಮುದಾಯ ಹಕ್ಕು ಕೇಳಬೇಕೆಂದಿದ್ದೇವೆ. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಇದ್ದು ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಹಿರಿಯರ ಹೇಳಿಕೆ ಬರೆಸಿಕೊಂಡರೆ ನಡೆಯುತ್ತದೆ, ಆದರೆ ಅದೊಂದೇ ಸಾಲದು. ಅರ್ಜಿ ಹಾಕಿದವರು ಜೊತೆಗೆ ಏನು ದಾಖಲೆ ಇಟ್ಟಿರಿ? ಜೋಯಿಡಾದ ಕುಣಬಿ, ಯಲ್ಲಾಪುರದ ಸಿದ್ದಿ ಊರುಗಳಲ್ಲಿ ಅರ್ಜಿ ಹಾಕಿದವರು ಇದ್ದರೆ ನಕಲು ತೋರಿಸಿ, ಉಪಕಾರವಾಗುತ್ತದೆ.

ದುಡ್ಡು ಕೇಳುತ್ತಿಲ್ಲ. ಬೀಜ ಮಾತ್ರ ಮಳೆ ಜೋರಾಗಿರುವಾಗಲೇ ಸಿಗಬೇಕು.