ಶಾರ್ಕ್ ಅಧ್ಯಯನಕ್ಕೆ ಸಾರ್ವಜನಿಕರು ತೆಗೆದ ಚಿತ್ರಗಳು ಸಾಕಾಗುವುವೇ?

ಪ್ರಶ್ನೆ: ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ ಶಾರ್ಕ್ ಸಂರಕ್ಷಣೆಯ ಕೆಲಸಕ್ಕೆ ಇಳಿದಿದ್ದೇನೆ. ದೋಣಿಯಾಗಲಿ, ಉಪಗ್ರಹ ಟ್ಯಾಗ್ (ಮೀನಿನ ಮೈಗೆ ಸಿಕ್ಕಿಸಿ ಅದರ ಜಾಡು ಹಿಡಿಯುವ ಸಾಧನ) ಕೊಳ್ಳುವಷ್ಟು ಅನುದಾನವಾಗಲಿ ನನ್ನಲ್ಲಿಲ್ಲ. ಹವ್ಯಾಸಿ ಡೈವರ್‌ಗಳ ಚಿತ್ರಗಳನ್ನೇ ಆಧರಿಸಿ ಅಧ್ಯಯನ ನಡೆಸಿದರೆ ಪರಿಣತರು ಒಪ್ಪುವರೇ?

ಉತ್ತರ 1: ಖಂಡಿತ ಒಪ್ಪುತ್ತಾರೆ. ತಿಮಿಂಗಿಲ ಶಾರ್ಕ್‌ನ ಮೈಮೇಲಿನ ಚುಕ್ಕೆಗಳ ವಿನ್ಯಾಸ ಒಂದೊಂದು ಮೀನಿಗೂ ಬೇರೆಯಾಗಿರುವುದರಿಂದ, ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಖಗೋಳಶಾಸ್ತ್ರದಲ್ಲಿ ಬಳಸುತ್ತಿದ್ದ ಗಣನವಿಧಾನವನ್ನೇ ಅದಕ್ಕೆ ಹೊಂದಿಸಿ 2005ರಲ್ಲಿ ಪ್ರಕಟಿಸಲಾಯಿತು. ಹೀಗಾಗಿ ಪ್ರವಾಸಿಗರ ಚಿತ್ರಗಳಿಂದಲೂ ಅದೇ ಮೀನು ವರ್ಷಗಳ ನಂತರ ಮರಳಿದ್ದನ್ನು ಗುರುತಿಸಬಹುದು. ಆದರೆ ಎಡಬದಿಯ ಚುಕ್ಕೆಗಳೇ ಬೇರೆ, ಬಲಬದಿಯವೇ ಬೇರೆ. ಕಿವಿರು ಸೀಳುಗಳ ಹಿಂಭಾಗವನ್ನು ಎರಡೂ ಬದಿಯಿಂದ ತೆಗೆಯುವಂತೆ ಡೈವರ್‌ಗಳಿಗೆ ಮೊದಲೇ ತಿಳಿಸಿಡಿ.

ಉತ್ತರ 2: ನೀರಿಗಿಳಿಯದೆಯೂ ಆರಂಭಿಸಬಹುದು. ಕೆಲವು ಶಾರ್ಕ್‌ಗಳ ಮತ್ತು ಅವುಗಳ ಸಂಬಂಧಿಗಳಾದ ಚಪ್ಪಟೆ ಮೈಯ ಸ್ಕೇಟ್ ಮೀನುಗಳ ಖಾಲಿ ಮೊಟ್ಟೆಚೀಲಗಳು ದಡಕ್ಕೆ ಬಂದು ಬೀಳುತ್ತವೆ. ಒಣಗಿ ಸುರುಟಿದ ಚೀಲವನ್ನು ಕೆಲವು ಗಂಟೆ ನೆನೆಸಿದರೆ ಅದು ಮೊದಲಿನ ಆಕಾರಕ್ಕೆ ಮರಳಿ, ಪ್ರಭೇದವನ್ನು ಗುರುತಿಸುವುದು ಸುಲಭವಾಗುತ್ತದೆ. (ನೆನೆಸದೆಯೇ ಅಳೆದು ಒಂದಿಡೀ ಋತುವಿನ ದತ್ತಾಂಶವನ್ನು ಕೆಡಿಸಿಕೊಂಡವನು ನಾನು.)

ಉತ್ತರ 3: ಜನ ಹೆಚ್ಚು ಹೋಗುವ ಕಡೆಯಿಂದ ಚಿತ್ರಗಳೂ ಹೆಚ್ಚು ಬರುತ್ತವೆಯೇ ಹೊರತು, ಅಲ್ಲಿ ಶಾರ್ಕ್‌ಗಳು ಹೆಚ್ಚಿವೆ ಎಂದು ಅದರಿಂದ ಹೇಳಲಾಗದು. ಆದ್ದರಿಂದ ನೀರಿನಲ್ಲಿ ಕಳೆದ ಸಮಯವನ್ನೂ, ಏನೂ ಕಾಣದೆ ಮರಳಿದ ದಿನಗಳನ್ನೂ ತಪ್ಪದೆ ಬರೆಸಿಕೊಳ್ಳಿ.