ಚೀಲದ ತೂಕ 28.5 ಹಾಕಿದರೆ ಎಕ್ಸೆಲ್ ತಾರೀಖು ತೋರಿಸುತ್ತಿದೆ, ದಯವಿಟ್ಟು ಸಹಾಯ ಮಾಡಿ

ಮೆಣಸಿನ ಲೆಕ್ಕ, ಬ್ಯಾಡಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕ ನಾನೇ ನೋಡುತ್ತೇನೆ. ಹಳೆ ಕಂಪ್ಯೂಟರ್ ಕೆಟ್ಟಿತು ಅಂತ ತಮ್ಮನ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಅವನು ಹೊರದೇಶದಲ್ಲಿ ಎರಡು ವರ್ಷ ಓದಿ ಬಂದವನು. ಆವತ್ತಿನಿಂದ ತೂಕದ ಕಾಲಂ ಪೂರ್ತಿ ಹಾಳಾಗಿದೆ.

ಕಾಟಾದ ಹುಡುಗ ವಾಟ್ಸಾಪ್‌ನಲ್ಲಿ ತೂಕ ಕಳಿಸುತ್ತಾನೆ. ನಾನು ಕಾಪಿ ಮಾಡಿ ಎಕ್ಸೆಲ್‌ಗೆ ಹಾಕುತ್ತೇನೆ. ಒಂದು ಲಾಟಿನ ಐದು ಚೀಲ ಹೀಗಿದ್ದವು: 28.5, 31.250, 29.75, 30.12, 27.5. ಮೊದಲನೆಯದು ಮೇ 28 ಆಯಿತು. 30.12 ಇದ್ದದ್ದು '30. ಡೆಜ್' ಅಂತ ಬಂತು. 27.5 ಕೂಡ ಮೇ ತಿಂಗಳಿಗೆ ಹೋಯಿತು. 29.75 ಎಡಗಡೆಗೆ ಅಂಟಿಕೊಂಡು ಕೂತಿದೆ. 31.250 ಒಂದು ಮಾತ್ರ ಸರಿ ಇದೆ. ಒಟ್ಟು ಹಾಕಿದರೆ ಅಲ್ಲೂ ತಾರೀಖು. ಫಾರ್ಮ್ಯಾಟ್ ಜನರಲ್ ಮಾಡಿದೆ, 168880 ಅಂತ ತೋರಿಸಿತು. ಕ್ಯಾಲ್ಕುಲೇಟರ್‌ನಲ್ಲಿ 147.12 ಕೆಜಿ ಬರುತ್ತದೆ.

ರೈತರಿಗೆ ಪಟ್ಟಿ ಕೊಡಬೇಕು, ಕಾಯುತ್ತಿದ್ದಾರೆ. ಎಕ್ಸೆಲ್ ತೆಗೆದು ಮತ್ತೆ ಹಾಕಲಾ?

ಹಳೇ ಹುಬ್ಬಳ್ಳಿ:

ಅಕ್ಕಾರ, ಎಕ್ಸೆಲ್ ತೆಗೆಯಬೇಡಿ. ಅದರಿಂದ ಏನೂ ಬದಲಾಗುವುದಿಲ್ಲ. ಎರಡು ವಿಷಯ ಹೇಳಿ. ನಿಮ್ಮ ತಮ್ಮ ಓದಿದ್ದು ಜರ್ಮನಿಯಲ್ಲಾ? ಮತ್ತೆ, ಆ 31.250 ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಏನು ಕಾಣುತ್ತದೆ ನೋಡಿ.

ಮೆಣಸಿನ ಲೆಕ್ಕ, ಬ್ಯಾಡಗಿ:

ಹೌದು ಅಣ್ಣಾರ, ಜರ್ಮನಿಯೇ. ನಿಮಗೆ ಹೇಗೆ ಗೊತ್ತಾಯಿತು? ಆದರೆ ವಿಂಡೋಸ್ ಎಲ್ಲ ಇಂಗ್ಲಿಷ್‌ನಲ್ಲೇ ಇದೆ. ಫಾರ್ಮುಲಾ ಬಾರ್‌ನಲ್ಲಿ 31250 ಇದೆ, ಚುಕ್ಕಿ ಇಲ್ಲ.

ಹಳೇ ಹುಬ್ಬಳ್ಳಿ:

'ಡೆಜ್' ನೋಡಿ ಗೊತ್ತಾಯಿತು. ಜರ್ಮನ್‌ನಲ್ಲಿ ಡಿಸೆಂಬರ್ ಅನ್ನು ಹಾಗೆ ಗಿಡ್ಡ ಮಾಡಿ ಬರೆಯುತ್ತಾರೆ. ವಿಂಡೋಸ್ ಮಾತಾಡುವ ಭಾಷೆ ಬೇರೆ, ಅಂಕಿ ಮತ್ತು ತಾರೀಖು ಬರೆಯುವ ರೀತಿ ಬೇರೆ. ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ. ನಿಮ್ಮಲ್ಲಿ ಮೊದಲನೆಯದು ಇಂಗ್ಲಿಷ್, ಎರಡನೆಯದು ಇನ್ನೂ ಜರ್ಮನ್.

ಜರ್ಮನ್ ರೀತಿಯಲ್ಲಿ ಚುಕ್ಕಿಯ ಕೆಲಸವೇ ಬೇರೆ. ನಾವು 28.5 ಅನ್ನುವುದನ್ನು ಅವರು 28,5 ಅಂತ ಬರೆಯುತ್ತಾರೆ. ಅಲ್ಲಿ ಚುಕ್ಕಿ ಬರುವುದು ಎರಡು ಕಡೆ: ತಾರೀಖಿನಲ್ಲಿ, ಮತ್ತು ಸಾವಿರ ಬಿಡಿಸುವಲ್ಲಿ. ಅದಕ್ಕೇ 28.5 ಅಂದರೆ 28ನೇ ತಾರೀಖು, 5ನೇ ತಿಂಗಳು ಅಂತ ಎಕ್ಸೆಲ್ ಓದಿತು. 29.75ಕ್ಕೆ 75ನೇ ತಿಂಗಳು ಎಲ್ಲಿಂದ ತರಬೇಕು? ಹಾಗಾಗಿ ಅದನ್ನು ಬರೀ ಅಕ್ಷರ ಅಂತ ಬಿಟ್ಟಿತು. ಎಡಕ್ಕೆ ಅಂಟಿಕೊಂಡ ಅಂಕಿ ಅಂಕಿಯಲ್ಲ. ಸಮ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ನೀವು 'ಸರಿ ಇದೆ' ಅಂದ 31.250. ಐದರಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಅದೊಂದೇ. ಅದು 31 ಕಿಲೋ 250 ಗ್ರಾಂ ಅಲ್ಲ, ಮೂವತ್ತೊಂದು ಸಾವಿರದ ಇನ್ನೂರೈವತ್ತು. ಆ ಚುಕ್ಕಿ ನಮ್ಮ ಅಲ್ಪವಿರಾಮದ ಜಾಗದಲ್ಲಿ ಕೂತಿದೆ. ತಾರೀಖು ಆದದ್ದು ಕಣ್ಣಿಗೆ ಬಡಿಯುತ್ತದೆ, ಇದು ಬಡಿಯುವುದಿಲ್ಲ. ಎಲ್ಲ ಚೀಲವನ್ನೂ ಮೂರು ಅಂಕಿಯವರೆಗೆ ತೂಗಿದ್ದರೆ ಇಡೀ ಕಾಲಂ ಚೆಂದ ಕಾಣುತ್ತಿತ್ತು, ಒಳಗೆ ಎಲ್ಲವೂ ಸಾವಿರಪಟ್ಟು ಆಗಿರುತ್ತಿತ್ತು.

168880 ಬಂದದ್ದೂ ಇದರಿಂದಲೇ. ಎಕ್ಸೆಲ್ ತಾರೀಖನ್ನು 1900ರ ಜನವರಿ 1ರಿಂದ ದಿನ ಎಣಿಸಿ ಇಡುತ್ತದೆ. 2025ರ ಮೇ 28 ಅಂದರೆ 45805. ಮೇ 27 ಅಂದರೆ 45804. ಡಿಸೆಂಬರ್ 30 ಅಂದರೆ 46021. ಇವಕ್ಕೆ 31250 ಸೇರಿಸಿ, 29.75 ಬಿಡಿ. ಲೆಕ್ಕ ಕೂಡುತ್ತದೆ, ಅಲ್ವಾ?

ಮಾಡಬೇಕಾದ್ದು ಇಷ್ಟು. ಮೊದಲು ಈ ಫೈಲಿನ ಒಂದು ನಕಲು ತೆಗೆದಿಡಿ, ಇದನ್ನು ಮರೆಯಬೇಡಿ. ಎಕ್ಸೆಲ್ ಮುಚ್ಚಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ. ಅಲ್ಲಿ ರೀಜನಲ್ ಫಾರ್ಮ್ಯಾಟ್ ಅಂತ ಇರುತ್ತದೆ. ಇಂಗ್ಲಿಷ್ ಇಂಡಿಯಾ ಅಥವಾ ಕನ್ನಡ ಇಂಡಿಯಾ, ಯಾವುದನ್ನಾದರೂ ಆರಿಸಿ. ಎರಡರಲ್ಲೂ ಚುಕ್ಕಿ ನಮ್ಮ ಚುಕ್ಕಿಯೇ, ಲಕ್ಷಕ್ಕೆ ಅಲ್ಪವಿರಾಮವೂ ನಮ್ಮ ರೀತಿ. ಕನ್ನಡ ಆರಿಸಿದರೆ ತಿಂಗಳ ಹೆಸರು ಕನ್ನಡದಲ್ಲಿ ಬರಬಹುದು, ಅಂಕಿಗಳು 1, 2, 3 ಆಗಿಯೇ ಇರುತ್ತವೆ.

ಇದರಿಂದ ಈಗಾಗಲೇ ಕೆಟ್ಟ ಸೆಲ್‌ಗಳು ತಾವಾಗಿ ಸರಿಹೋಗುವುದಿಲ್ಲ. ಎಕ್ಸೆಲ್ ತಾರೀಖು ಅಂತ ತೀರ್ಮಾನ ಮಾಡಿದ್ದು ನೀವು ಅಂಟಿಸಿದ ಕ್ಷಣದಲ್ಲಿ. ಮೂಲ 28.5 ಆ ಫೈಲಿನಲ್ಲಿ ಈಗ ಇಲ್ಲವೇ ಇಲ್ಲ. ವಾಟ್ಸಾಪ್ ಮೆಸೇಜ್ ಇದೆಯಲ್ಲ, ಅಲ್ಲಿಂದ ಮತ್ತೆ ತಂದು ಅಂಟಿಸಿ.

ಮೆಣಸಿನ ಲೆಕ್ಕ, ಬ್ಯಾಡಗಿ:

ಅಣ್ಣಾರ, ಸೆಟ್ಟಿಂಗ್ ಬದಲಿಸಿದೆ. ನೀವು ಹೇಳಿದ ಹಾಗೇ 31.250 ಇದ್ದದ್ದು 31,250 ಆಯಿತು. ನೋಡಿ ಎದೆ ಧಸಕ್ಕೆಂದಿತು. ಹೋದ ವಾರ ಪೂರ್ತಿ ಹೀಗೇ ಹಾಕಿದ್ದೇನೆ.

ಮೆಸೇಜಿನಿಂದ ಮತ್ತೆ ಅಂಟಿಸಿದೆ. ಈಗ 28-ಜನವರಿ, 30-ಜನವರಿ, 27-ಜನವರಿ ಬರುತ್ತಿದೆ! 31.250 ಬರೀ 31 ಆಗಿದೆ. ಸರಿ ಬಂದದ್ದು 29.75 ಒಂದೇ.

ಹಳೇ ಹುಬ್ಬಳ್ಳಿ:

ಗಾಬರಿ ಬೇಡ ಅಕ್ಕಾರ, ಈ ಸಲ ಒಳಗಿನ ಅಂಕಿ ಸರಿಯಾಗಿದೆ. ಹಳೆ ಸೆಲ್‌ಗಳ ಮೇಲೆ ತಾರೀಖಿನ ಫಾರ್ಮ್ಯಾಟ್ ಹಾಗೇ ಉಳಿದಿದೆ. 28.5 ಅನ್ನು ತಾರೀಖಾಗಿ ತೋರಿಸು ಅಂದರೆ 1900ರ 28ನೇ ದಿನ, ಅಂದರೆ ಜನವರಿ 28. 31ರ ಸೆಲ್‌ಗೆ ದಶಾಂಶ ತೋರಿಸದ ಫಾರ್ಮ್ಯಾಟ್ ಅಂಟಿಕೊಂಡಿದೆ. ಇಡೀ ಕಾಲಂ ಆರಿಸಿ, ನಂಬರ್ ಫಾರ್ಮ್ಯಾಟ್‌ನಲ್ಲಿ ಜನರಲ್ ಕೊಡಿ. ಆಮೇಲೆ ಕಸ್ಟಮ್‌ನಲ್ಲಿ 0.000 ಹಾಕಿದರೆ ಗ್ರಾಂವರೆಗೆ ಒಂದೇ ಸಮ ಕಾಣುತ್ತದೆ. ಒಟ್ಟಿನ ಸೆಲ್‌ಗೂ ಅದನ್ನೇ ಮಾಡಿ.

ಹೋದ ವಾರದ್ದಕ್ಕೂ ಮೆಸೇಜ್ ಇದ್ದರೆ ಮತ್ತೆ ಅಂಟಿಸುವುದೇ ಒಳ್ಳೆಯದು. ಅಳಿಸಿಹೋಗಿದ್ದರೆ, 31250 ಥರ ಆದವನ್ನು 1000ದಿಂದ ಭಾಗಿಸಿ. ತಾರೀಖಾದವನ್ನು ಡೇ ಮತ್ತು ಮಂತ್ ಫಂಕ್ಷನ್ ಹಾಕಿ ಬಿಡಿಸಬಹುದು. ಆದರೆ 27.5 ಮತ್ತು 27.05 ಎರಡೂ ಮೇ 27 ಆಗಿರುತ್ತವೆ. ಯಾವುದು ಯಾವುದು ಅಂತ ಯಾವ ಫಾರ್ಮುಲಾ ಕೂಡ ಹೇಳಲಾರದು. ಇಂಥವಕ್ಕೆ ಕಾಟಾ ಚೀಟಿಯನ್ನೇ ನೋಡಿ. ನಡುವೆ ಇರುವುದು 450 ಗ್ರಾಂ, ಅದು ರೈತನ ದುಡ್ಡು.

ಹಾಗೇ ತೇವಾಂಶದ ಕಾಲಂ ಇದ್ದರೆ ಅದನ್ನೂ ನೋಡಿ. 10.50 ಅಂತ ಹಾಕಿದ್ದು 1950ರ ಅಕ್ಟೋಬರ್ ಆಗಿರುತ್ತದೆ.

ಮೆಣಸಿನ ಲೆಕ್ಕ, ಬ್ಯಾಡಗಿ:

147.120 ಬಂತು! ಕಾಟಾ ಚೀಟಿಗೂ ಹೊಂದಿತು. ಹೋದ ವಾರದ ಮೆಸೇಜ್ ಎಲ್ಲ ಇವೆ, ಎರಡು ಲಾಟಿನದು ಮಾತ್ರ ಇಲ್ಲ. ಅವುಗಳ ಚೀಟಿ ಅಪ್ಪಾಜಿ ತಂತಿಗೆ ಚುಚ್ಚಿಟ್ಟಿದ್ದಾರೆ, ಇವತ್ತು ರಾತ್ರಿ ಕೂತು ತಾಳೆ ನೋಡುತ್ತೇನೆ. ತೇವಾಂಶದಲ್ಲಿ ನಾಲ್ಕು ಸೆಲ್ ಹಾಗೇ ಆಗಿದ್ದವು. ನಿಮ್ಮ ಉಪಕಾರ ಮರೆಯುವುದಿಲ್ಲ ಅಣ್ಣಾರ.

ಬೆಟಗೇರಿ ಸೀರೆ, ಗದಗ:

ಇದೇ ಜಾಗದಲ್ಲಿ ನನ್ನದೂ ಒಂದು ಕೇಳಲಾ? ನನ್ನ ಹತ್ತಿರ 12,34,567 ಅಂತ ಕಾಣುವ ಮೊತ್ತ ನಮ್ಮ ಆಡಿಟರ್ ಕಂಪ್ಯೂಟರ್‌ನಲ್ಲಿ 1,234,567 ಆಗುತ್ತದೆ. ಅಂಕಿ ಏನಾದರೂ ಬದಲಾಗಿದೆಯಾ?

ಹಳೇ ಹುಬ್ಬಳ್ಳಿ:

ಇಲ್ಲ ಸರ್, ನಿಮ್ಮದು ಬರೀ ತೋರಿಕೆ. ಫೈಲಿನಲ್ಲಿ ಇರುವುದು 1234567 ಮಾತ್ರ. ಅಲ್ಪವಿರಾಮ ಎಲ್ಲಿ ಹಾಕಬೇಕು ಅನ್ನುವುದನ್ನು ಫೈಲ್ ತೆರೆದ ಕಂಪ್ಯೂಟರ್ ನಿರ್ಧರಿಸುತ್ತದೆ. ಅವರದ್ದು ಅಮೆರಿಕದ ಸೆಟ್ಟಿಂಗ್‌ನಲ್ಲಿ ಇರಬೇಕು. ಎಲ್ಲಿ ತೆರೆದರೂ ಲಕ್ಷ, ಕೋಟಿ ಕಾಣಬೇಕು ಅಂದರೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಇದನ್ನು ಹಾಕಿ:

[>=10000000]##\,##\,##\,##0.00;[>=100000]##\,##\,##0.00;##,##0.00

ಗೂಗಲ್ ಶೀಟ್ಸ್ ಬಳಸುವವರಿಗೆ ಇನ್ನೂ ಸುಲಭ. ಫೈಲ್, ಸೆಟ್ಟಿಂಗ್ಸ್, ಲೊಕೇಲ್‌ನಲ್ಲಿ ಇಂಡಿಯಾ ಕೊಟ್ಟರೆ ಸಾಕು. ಅಲ್ಲಿ ಆ ಸೆಟ್ಟಿಂಗ್ ಫೈಲಿನ ಜೊತೆಗೇ ಹೋಗುತ್ತದೆ.

ತಾರೀಖಿನ ಕಾಲಂ ಒಮ್ಮೆ ನೋಡಿಕೊಳ್ಳಿ. ಆಡಿಟರ್ ಕಡೆಯವರು ಅಲ್ಲಿ 03-07 ಅಂತ ಟೈಪ್ ಮಾಡಿದರೆ ಅದು ಜುಲೈ 3 ಅಲ್ಲ, ಮಾರ್ಚ್ 7 ಆಗುತ್ತದೆ. ತಿಂಗಳ ಮೊದಲ 12 ದಿನ ಹೀಗೆ ಅದಲುಬದಲಾಗಿ, 13ರಿಂದ ಮುಂದಿನವು ಎಡಕ್ಕೆ ಅಂಟಿಕೊಂಡಿದ್ದರೆ ಕಾರಣ ಇದೇ. ಅದು ತೋರಿಕೆಯ ತಪ್ಪಲ್ಲ, ಒಳಗಿನ ತಪ್ಪು.

ಬೆಟಗೇರಿ ಸೀರೆ, ಗದಗ:

ಫಾರ್ಮ್ಯಾಟ್ ಕೆಲಸ ಮಾಡಿತು ಸರ್. ನಷ್ಟದ ಸಾಲಿನಲ್ಲಿ ಮಾತ್ರ ಅವರ ಹತ್ತಿರ -245,000.00 ಅಂತಲೇ ಬರುತ್ತಿದೆ.

ಹಳೇ ಹುಬ್ಬಳ್ಳಿ:

ಹೌದು, ಮೈನಸ್ ಇರುವ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಅಂತಲೇ ಲೆಕ್ಕ. ಹಾಗಾಗಿ ಅದು ಮೂರನೇ ಭಾಗಕ್ಕೆ ಹೋಗುತ್ತದೆ. ಜಮಾ ಒಂದು ಕಾಲಂ, ಖರ್ಚು ಒಂದು ಕಾಲಂ ಮಾಡಿ, ಎರಡರಲ್ಲೂ ಮೈನಸ್ ಇಲ್ಲದೆ ಬರೆಯಿರಿ. ಇಲ್ಲದಿದ್ದರೆ ಆಡಿಟರ್‌ಗೆ ಹೇಳಿ ಅವರ ರೀಜನಲ್ ಫಾರ್ಮ್ಯಾಟ್ ಅನ್ನೇ ಇಂಡಿಯಾ ಮಾಡಿಸಿ. ಹಾಗೆ ಮಾಡಿದರೆ ತಾರೀಖಿನ ತೊಂದರೆಯೂ ಮುಂದೆ ಬರುವುದಿಲ್ಲ.