ಜುಲೈನಲ್ಲಿ ಸ್ಯಾಸ್ ಅಡ್ವಾನ್ಸ್ಡ್ ಟ್ರೇನಿಂಗ್: ಮಾಡಿದವರು ಯಾರಾದರೂ ಇದ್ದೀರಾ?

ಮಡಿಕೇರಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಗೆ ಇಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಔಷಧ ಪರೀಕ್ಷೆಯ ಡೇಟಾ, ಎಲ್ಲವೂ ಸ್ಯಾಸ್ ಎಂಬ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ. ನಾಲ್ಕು ವರ್ಷ ಆಯಿತು. ಪ್ರೋಗ್ರಾಂ ಬರೆಯಲು ಬರುತ್ತದೆ, ಆದರೆ ನನ್ನದು ಓಡಿ ಮುಗಿಯುವಷ್ಟರಲ್ಲಿ ಎರಡು ಸಲ ಕಾಫಿ ಕುಡಿಯಬಹುದು. ಆಫೀಸಿನವರು ಅಡ್ವಾನ್ಸ್ಡ್ ಟ್ರೇನಿಂಗ್‌ಗೆ ಹೆಸರು ಕೊಡಿ ಎನ್ನುತ್ತಿದ್ದಾರೆ. ಆನ್‌ಲೈನ್, ಮೂರು ದಿನ, ಜುಲೈ ಕೊನೆಯಲ್ಲಿ. ಉಪಯೋಗ ಇದೆಯಾ? ಮೊದಲು ಏನು ನೋಡಿಕೊಂಡಿರಬೇಕು? ಕರೆಂಟಿನ ಕಥೆ ನಿಮಗೂ ಗೊತ್ತಲ್ವಾ.

ಗೋಣಿಕೊಪ್ಪದಿಂದ:
ಉಪಯೋಗ ಇದೆ. ಆದರೆ ಬರಿಗೈಯಲ್ಲಿ ಹೋಗಬೇಡಿ. ನಾನು ಹಾಗೆ ಹೋಗಿ ಮೊದಲ ದಿನ ಪೂರ್ತಿ ಸುಮ್ನೆ ತಲೆಯಾಡಿಸಿದೆ.

ನಿಮ್ಮ ಪ್ರೋಗ್ರಾಂಗಳಲ್ಲಿ ಜಾಸ್ತಿ ಹೊತ್ತು ತಿನ್ನುವ ಒಂದನ್ನು ಆರಿಸಿ. ಫುಲ್‌ಸ್ಟಿಮರ್ ಆಪ್ಷನ್ ಹಾಕಿ ಓಡಿಸಿ. ಯಾವ ಹಂತಕ್ಕೆ ಎಷ್ಟು ಸಮಯ, ಎಷ್ಟು ಸಿಪಿಯು, ಎಷ್ಟು ಮೆಮೊರಿ ಎಂದು ಲಾಗ್‌ನಲ್ಲಿ ಬರುತ್ತದೆ. ಒಟ್ಟು ಸಮಯ ಜಾಸ್ತಿ, ಸಿಪಿಯು ಸಮಯ ಕಡಿಮೆ ಇದ್ದರೆ, ಸಾಮಾನ್ಯವಾಗಿ ಡಿಸ್ಕ್ ಓದಿ ಬರೆಯುವುದರಲ್ಲೇ ಹೊತ್ತು ಹೋಗುತ್ತಿರುತ್ತದೆ. ಆ ಲಾಗ್ ಹಿಡಿದು ಕ್ಲಾಸಿಗೆ ಕೂತರೆ ಕೇಳಲು ನಿಮ್ಮ ಹತ್ತಿರ ಪ್ರಶ್ನೆ ಇರುತ್ತದೆ.

ನನಗೆ ಅಲ್ಲಿ ತಲೆಗೆ ಹತ್ತಿದ್ದು ಬೇಕಾದ ಸಾಲು ಆರಿಸುವ ಎರಡು ಆದೇಶ, ವೇರ್‌ಗೂ ಇಫ್‌ಗೂ ಇರುವ ವ್ಯತ್ಯಾಸ. ವೇರ್ ಹಾಕಿದರೆ ಬೇಡದ ಸಾಲು ಡೇಟಾ ಸ್ಟೆಪ್‌ನ (ಫೈಲನ್ನು ಸಾಲು ಸಾಲಾಗಿ ಓದಿ ಕೆಲಸ ಮಾಡುವ ಭಾಗ) ಒಳಗೇ ಬರುವುದಿಲ್ಲ. ಇಫ್ ಹಾಗಲ್ಲ, ಒಳಗೆ ಕರೆದುಕೊಂಡು ಆಮೇಲೆ ಹೊರಗೆ ಕಳಿಸುತ್ತದೆ. ಗಿಡದಲ್ಲೇ ಹಣ್ಣು ನೋಡಿ ಕೊಯ್ಯುವುದಕ್ಕೂ, ಎಲ್ಲವನ್ನೂ ಕಣಕ್ಕೆ ತಂದು ಹಸಿ ಕಾಯಿ ಆರಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ. ಅದೇ ಸ್ಟೆಪ್‌ನಲ್ಲಿ ಹೊಸದಾಗಿ ಲೆಕ್ಕ ಹಾಕಿದ ಕಾಲಂ ಮೇಲೆ ಮಾತ್ರ ವೇರ್ ನಡೆಯುವುದಿಲ್ಲ, ಅಲ್ಲಿ ಇಫ್ ಬೇಕೇ ಬೇಕು. ಇನ್ನು ಬೇಕಾದ ಕಾಲಂ ಹೆಸರಿಸುವ ಕೀಪ್ ಅನ್ನು ಫೈಲು ಓದುವ ಸೆಟ್ ಸಾಲಿನಲ್ಲೇ ಕೊಡಿ, ಬೇಡದ ಕಾಲಂಗಳೂ ಒಳಗೆ ಬರುವುದಿಲ್ಲ.

ಹ್ಯಾಶ್ ಆಬ್ಜೆಕ್ಟ್ (ಮೆಮೊರಿಯಲ್ಲಿ ಇಟ್ಟು ಹುಡುಕುವ ಪಟ್ಟಿ) ಭಾಗ ಬಂದಾಗ ಫೋನ್ ಮುಟ್ಟಬೇಡಿ. ದೊಡ್ಡ ಲ್ಯಾಬ್ ಟೇಬಲ್ಲಿಗೆ ಚಿಕ್ಕ ಪಟ್ಟಿ ಸೇರಿಸಬೇಕಾದರೆ ನಾವು ಎರಡನ್ನೂ ಸಾರ್ಟ್ ಮಾಡಿ ಮರ್ಜ್ ಮಾಡುತ್ತೇವೆ ಅಲ್ವಾ? ಹ್ಯಾಶ್‌ನಲ್ಲಿ ಚಿಕ್ಕದು ಮೆಮೊರಿಗೆ ಹೋಗಿ ಕೂರುತ್ತದೆ, ಸಾರ್ಟ್ ಬೇಕಾಗುವುದಿಲ್ಲ. ಚಿಕ್ಕ ಪಟ್ಟಿ ಮೆಮೊರಿಯಲ್ಲಿ ಹಿಡಿಸಬೇಕು, ಅಷ್ಟೇ ಷರತ್ತು.

ನಾಪೋಕ್ಲುವಿನಿಂದ:
ಒಂದು ಎಚ್ಚರಿಕೆ ಕೊಡುತ್ತೇನೆ ತಂಗಿ. ಟ್ರೇನಿಂಗ್‌ನಲ್ಲಿ ಲೆಂತ್, ಅಂದರೆ ಒಂದೊಂದು ಕಾಲಂಗೆ ಕೊಡುವ ಬೈಟ್ ಲೆಕ್ಕ, ಕಡಿಮೆ ಮಾಡಿ ಜಾಗ ಉಳಿಸುವುದನ್ನೂ ಕಲಿಸಿದರು. ನಾನು ಅತಿ ಬುದ್ಧಿವಂತಿಕೆ ಮಾಡಿದೆ. ಅಪ್ಪ ತೋಟದಲ್ಲಿ ಬರೆದಿಟ್ಟ ಮಳೆ ಪುಸ್ತಕ ಇತ್ತು, ಇಂಚು ಸೆಂಟಿನ ಲೆಕ್ಕ. ಅಭ್ಯಾಸಕ್ಕೆಂದು ಅದನ್ನು ಸ್ಯಾಸ್‌ಗೆ ಹಾಕಿ, ತಾರೀಖಿಗೆ 8 ಬೈಟ್ ಏಕೆ ಎಂದು 3 ಕೊಟ್ಟೆ. ಆ ಸ್ಟೆಪ್‌ನಲ್ಲಿ ಎಲ್ಲ ಸರಿಯಾಗೇ ಕಂಡಿತು. ಉಳಿಸಿದ ಫೈಲನ್ನು ಮತ್ತೆ ತೆರೆದರೆ 2018ರ ಆಗಸ್ಟ್ 12, 13, 14, 15 ನಾಲ್ಕೂ ದಿನ 12 ಎಂದೇ ತೋರಿಸುತ್ತಿದೆ! ಆ ವಾರದ ಮಳೆ ಮರೆಯುವಂಥದ್ದಾ? ಅಪ್ಪನೇ ನೋಡಿ, "ನಾನು ದಿನಾ ಬರೆದಿದ್ದೇನಲ್ಲ" ಎಂದರು.

ಕಾರಣ ಇಷ್ಟೇ. ಸ್ಯಾಸ್ ತಾರೀಖನ್ನು 1960ರ ಜನವರಿ 1ರಿಂದ ದಿನ ಎಣಿಸಿ ಇಡುತ್ತದೆ. 3 ಬೈಟ್‌ನಲ್ಲಿ 8192ರವರೆಗಿನ ಪೂರ್ಣಸಂಖ್ಯೆ ಮಾತ್ರ ಎಲ್ಲವೂ ತಪ್ಪಿಲ್ಲದೆ ನಿಲ್ಲುತ್ತದೆ. ಅಂದರೆ 1982ಕ್ಕೇ ಮುಗಿಯಿತು. ಲಾಗ್‌ನಲ್ಲಿ ಎರರ್ ಕೂಡ ಬರಲಿಲ್ಲ. ತಾರೀಖಿಗೆ 4 ಕೊಡಿ, ಸಾಕು. ದಶಾಂಶ ಇರುವ ಸಂಖ್ಯೆಯ ಲೆಂತ್ ಮುಟ್ಟಲೇಬೇಡಿ. ನಿಮ್ಮದು ರೋಗಿಗಳ ಡೇಟಾ ಬೇರೆ.

ಸೋಮವಾರಪೇಟೆಯಿಂದ:
ಆಫೀಸಿನವರು ದುಡ್ಡು ಕೊಟ್ಟರೆ ಹೋಗಿ. ಸ್ವಂತ ದುಡ್ಡಾದರೆ ನಾನಂತೂ ಕೊಡುತ್ತಿರಲಿಲ್ಲ. ಕಲಿಯುವವರಿಗೆ ಸ್ಯಾಸ್ ಆನ್‌ಡಿಮ್ಯಾಂಡ್ ಫಾರ್ ಅಕಾಡೆಮಿಕ್ಸ್ ಉಚಿತವಾಗಿದೆ, ಬ್ರೌಸರ್‌ನಲ್ಲೇ ನಡೆಯುತ್ತದೆ. ಕಂಪನಿ ಡೇಟಾ ಮಾತ್ರ ಅಲ್ಲಿ ಹಾಕಬೇಡಿ, ಕೆಲಸಕ್ಕೇ ಕುತ್ತು. ನಾನು ಈಗ ಆರ್ ಎಂಬ ಉಚಿತ ಪ್ರೋಗ್ರಾಮಿಂಗ್ ಭಾಷೆಗೆ ಬಂದಿದ್ದೇನೆ, ಡೇಟಾ.ಟೇಬಲ್ ಪ್ಯಾಕೇಜ್ ಬಲು ಚುರುಕು. ಆದರೆ ನಿಮ್ಮ ಕೆಲಸ ಸ್ಯಾಸ್‌ನಲ್ಲಿರುವಾಗ ಆ ಮಾತು ಇಲ್ಲಿ ಬೇಡ.

ಭಾಗಮಂಡಲದಿಂದ:
ಜುಲೈ ಕೊನೆ ಎಂದರೆ ಕಕ್ಕಡ, ನಮ್ಮ ಕೊಡಗಿನ ಜಡಿಮಳೆಯ ತಿಂಗಳು. ಕಂಬ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ, ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ? ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲಿನ ಬ್ಯಾಚ್ ಕೇಳಿ. ಆಗದಿದ್ದರೆ ಮೂರು ದಿನ ಮೈಸೂರಿನಲ್ಲಿ ನೆಂಟರ ಮನೆ ನೋಡಿಕೊಳ್ಳಿ.

ಮಡಿಕೇರಿಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬ್ಯಾಚ್ ಇದೆಯಂತೆ, ಅದಕ್ಕೇ ಹೆಸರು ಕೊಟ್ಟೆ. ನಾಪೋಕ್ಲು ಅಕ್ಕ, ನಿಮ್ಮ ಮಾತು ಓದಿ ನನ್ನ ಹಳೆಯ ಫೈಲುಗಳ ಲೆಂತ್ ಎಲ್ಲ ನೋಡಿದೆ, ಸದ್ಯ ಪಾರು. ನಿನ್ನೆ ಫುಲ್‌ಸ್ಟಿಮರ್ ಹಾಕಿ ಓಡಿಸಿದೆ. ಒಂದೇ ಫೈಲನ್ನು ನಾಲ್ಕು ಕಡೆ ಸಾರ್ಟ್ ಮಾಡುತ್ತಿದ್ದೆ. ಮೂರು ತೆಗೆದೆ. ಈಗ ಒಂದೇ ಕಾಫಿ.